ತಡವಾಗಿ ಆದ ದೀಕ್ಷಾಸ್ನಾನ: ಮನೆತನದ ಇತಿಹಾಸ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ ಮತ್ತು ಹಾವೇರಿ ಕಡೆಯ ಕ್ರೈಸ್ತ ಮನೆತನಗಳ ವಂಶವೃಕ್ಷ ಬರೆಯುವವರಿಗಾಗಿ ಈ ಪುಟ. ಕ್ರೈಸ್ತ ಸಭೆಗೆ (ಚರ್ಚಿನ ಸಮುದಾಯಕ್ಕೆ) ಸೇರಿಸಿಕೊಳ್ಳುವ ನೀರಿನ ವಿಧಿಗೆ ಪ್ರಾಟೆಸ್ಟಂಟರು ‘ದೀಕ್ಷಾಸ್ನಾನ’ ಎನ್ನುತ್ತಾರೆ, ಅದನ್ನೇ ಕಥೋಲಿಕರಲ್ಲಿ ಅನೇಕರು ‘ಜ್ಞಾನಸ್ನಾನ’ ಎನ್ನುತ್ತಾರೆ. ಇಲ್ಲಿ ಎರಡಕ್ಕೂ ‘ದೀಕ್ಷಾಸ್ನಾನ’ ಎಂದೇ ಬಳಸಿದ್ದೇವೆ.

ಹುಟ್ಟಿದ ಎಷ್ಟು ದಿನಕ್ಕೆ ಆದರೆ ‘ತಡ’ ಅನ್ನಬೇಕು?

ಎಲ್ಲ ಸಭೆಗೂ ಒಂದೇ ಅಳತೆ ಹಿಡಿಯಬಾರದು. ಕಥೋಲಿಕ ಚರ್ಚಿನಲ್ಲಿ ಮಗುವಿಗೆ ಆದಷ್ಟು ಬೇಗ ದೀಕ್ಷಾಸ್ನಾನ ಕೊಡಿಸಬೇಕೆಂಬ ನಿಯಮವಿತ್ತು. ಪಾದ್ರಿ ಅದೇ ಊರಿನಲ್ಲಿದ್ದರೆ ವಾರ, ಹದಿನೈದು ದಿನದೊಳಗೆ ಮುಗಿಯುತ್ತಿತ್ತು. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಿಂದ ಬಂದ, ಜರ್ಮನ್ ಮಾತಾಡುವ ಪ್ರಾಟೆಸ್ಟಂಟ್ ಮಿಷನರಿಗಳ ಬಾಸೆಲ್ ಮಿಷನ್ ಸಭೆಗಳಲ್ಲೂ ಶಿಶು ದೀಕ್ಷಾಸ್ನಾನವೇ ರೂಢಿ. ಆದರೆ ಸಭಾಪಾಲಕರು (ಪ್ರಾಟೆಸ್ಟಂಟ್ ಪಾದ್ರಿಗಳು) ಅಪರೂಪಕ್ಕೆ ಬರುವ ಹಳ್ಳಿಯಾಗಿದ್ದರೆ ಕೆಲವು ತಿಂಗಳು ಕಾಯುವುದು ಸಹಜ. ರೈಲ್ವೆಯ ಸಣ್ಣ ಸ್ಟೇಷನ್‌ಗಳಲ್ಲಿದ್ದವರಿಗೆ ವರ್ಷ ಕಳೆದರೂ ಅಚ್ಚರಿಯಿಲ್ಲ.

ನಾವು ಹೀಗೆ ಭಾಗ ಮಾಡುತ್ತೇವೆ. 1 ವರ್ಷದೊಳಗಿದ್ದರೆ ಕಾರಣ ಹುಡುಕುವ ಗೋಜಿಗೆ ಹೋಗುವುದಿಲ್ಲ. 1ರಿಂದ 5 ವರ್ಷದ ನಡುವೆ ಇದ್ದರೆ ಮೊದಲು ವರ್ಗಾವಣೆ, ಊರು ಬಿಟ್ಟದ್ದು, ಕಾಯಿಲೆ ಇವುಗಳನ್ನು ನೋಡುತ್ತೇವೆ. ಅದಕ್ಕಿಂತ ದೊಡ್ಡ ಮಗುವಾದರೆ ತಂದೆ-ತಾಯಿಯ ದೀಕ್ಷಾಸ್ನಾನ ಯಾವಾಗ ಆಯಿತೆಂದು ಹುಡುಕುತ್ತೇವೆ. 14-15 ದಾಟಿದ್ದರೆ ಅದು ಆ ವ್ಯಕ್ತಿಯ ಸ್ವಂತ ತೀರ್ಮಾನ ಇರಬಹುದೆಂದು ಓದುತ್ತೇವೆ.

ನಮ್ಮ ಮುತ್ತಜ್ಜನಿಗೆ 27ನೇ ವಯಸ್ಸಿಗೆ ದೀಕ್ಷಾಸ್ನಾನ ಆಗಿದೆ. ಅಂದರೆ ಮನೆತನದಲ್ಲಿ ಮೊದಲು ಕ್ರೈಸ್ತನಾದವನು ಅವನೇ?

ಇರಬಹುದು. ಆದರೆ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಅವನೊಬ್ಬನ ಸಾಲು ಓದಿ ಅದನ್ನು ಹೇಳಲು ಬರುವುದಿಲ್ಲ. ಅವನ ಒಡಹುಟ್ಟಿದವರ ಸಾಲು, ಅವನ ಮಕ್ಕಳ ಸಾಲು ಎರಡನ್ನೂ ಹುಡುಕಬೇಕು. ತಡವಾದ ದೀಕ್ಷಾಸ್ನಾನದ ಬಗ್ಗೆ ಹೇಳಬೇಕಾದ ಮುಖ್ಯ ಮಾತೇ ಇದು: ಒಂದು ನಮೂದನ್ನು ಓದಬೇಡಿ, ಪುಟವನ್ನು ಓದಿ.

ಬಿಡಿಸಿ ನೋಡಲು ಒಂದು ಕಾಲ್ಪನಿಕ ಪುಟ ತೆಗೆದುಕೊಳ್ಳೋಣ. ಕ್ರಮಸಂಖ್ಯೆ 41ರಲ್ಲಿ ‘ಸಮುವೇಲ, ಹಿಂದಿನ ಹೆಸರು ಬಸಪ್ಪ, ವಯಸ್ಸು 35’. 42ರಲ್ಲಿ ‘ಮಾರ್ತಾ, ಹಿಂದಿನ ಹೆಸರು ನೀಲವ್ವ, ವಯಸ್ಸು 28’. 43, 44, 45ರಲ್ಲಿ 9, 6 ಮತ್ತು 2 ವರ್ಷದ ಮೂರು ಮಕ್ಕಳು. ದಿನಾಂಕ ಐವರಿಗೂ ಒಂದೇ. ಇದು ಇಡೀ ಮನೆಯೇ ಸಭೆಗೆ ಸೇರಿದ ದಿನ. 9 ವರ್ಷದ ಮಗನ ಸಾಲು ಮಾತ್ರ ಸಿಕ್ಕವರಿಗೆ ಅದು ‘ವಿಚಿತ್ರವಾಗಿ ತಡವಾದ ದೀಕ್ಷಾಸ್ನಾನ’ ಅನ್ನಿಸುತ್ತದೆ. ಮೇಲಿನ ಎರಡು ಸಾಲು ಓದಿದವರಿಗೆ ಅದರಲ್ಲಿ ವಿಚಿತ್ರವೇನೂ ಇಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಮುಂದಿನ ಮೂರು-ನಾಲ್ಕು ವರ್ಷದ ಪುಟ ತಿರುವಿ. ಅದೇ ತಂದೆ-ತಾಯಿಗೆ ಆಮೇಲೆ ಹುಟ್ಟಿದ ಮಗುವಿಗೆ ಕೆಲವೇ ವಾರದಲ್ಲಿ ದೀಕ್ಷಾಸ್ನಾನ ಆಗಿದ್ದರೆ ನಿಮ್ಮ ಊಹೆ ಸರಿ. ಇದಕ್ಕೆ ತಿರುಗಾಮುರುಗಾ ಪರಿಸ್ಥಿತಿಯೂ ಉಂಟು. ಅಣ್ಣಂದಿರಿಗೆಲ್ಲ ಎಳೆಕೂಸಿದ್ದಾಗಲೇ ಆಗಿದೆ, ನಡುವಿನ ಇವನೊಬ್ಬನಿಗೆ 11 ವರ್ಷಕ್ಕೆ ಆಗಿದೆ ಅನ್ನಿ. ಆಗ ಮತಾಂತರದ ಮಾತು ಬಿಡಿ. ಸಾಕುಮಗನಾಗಿರಬಹುದು, ತೀರಿಕೊಂಡ ಸಂಬಂಧಿಕರ ಮಗನಾಗಿರಬಹುದು, ಮೊದಲ ನಮೂದು ಬೇರೆ ಊರಿನಲ್ಲಿರಬಹುದು, ಕೆಳಗೆ ಹೇಳುವ ‘ಎರಡನೇ ಸಮುವೇಲ’ನೂ ಆಗಿರಬಹುದು.

ರಿಜಿಸ್ಟರಿನಲ್ಲಿ ವಯಸ್ಸು ಇದೆ, ಹುಟ್ಟಿದ ತಾರೀಖು ಇಲ್ಲ. ಲೆಕ್ಕ ಹೇಗೆ?

ವರ್ಷದಿಂದ ವರ್ಷ ಕಳೆದು ಒಂದೇ ಇಸವಿ ಬರೆದುಬಿಡುವುದು ಎಲ್ಲರೂ ಮಾಡುವ ತಪ್ಪು. ವಯಸ್ಸು ಕೊಡುವುದು ಒಂದು ಇಸವಿಯನ್ನಲ್ಲ, 12 ತಿಂಗಳ ಒಂದು ಅವಧಿಯನ್ನು.

1880ರ ಮಾರ್ಚ್ 28 ಈಸ್ಟರ್ ಭಾನುವಾರ. ಆ ದಿನ ‘ವಯಸ್ಸು 24’ ಎಂದು ಬರೆದಿದ್ದರೆ, 24 ತುಂಬಿದೆ ಎಂದು ಹಿಡಿದಾಗ ಹುಟ್ಟಿದ್ದು 29-3-1855ರಿಂದ 28-3-1856ರ ನಡುವೆ. ಆದರೆ ನಮ್ಮ ಕಡೆ ಹಿರಿಯರು ‘ಇಪ್ಪತ್ನಾಲ್ಕು ನಡದೈತಿ’ ಎಂದು ನಡೆಯುತ್ತಿರುವ ವರ್ಷವನ್ನೂ ಹೇಳುತ್ತಾರೆ. ಹಾಗೆ ಹೇಳಿದ್ದನ್ನೇ ಬರೆದುಕೊಂಡಿದ್ದರೆ ತುಂಬಿದ್ದು 23. ಹುಟ್ಟಿದ್ದು 29-3-1856ರಿಂದ 28-3-1857ರ ನಡುವೆ. ಎರಡನ್ನೂ ಸೇರಿಸಿದರೆ ಎರಡು ವರ್ಷದ ಕಿಟಕಿ ಆಗುತ್ತದೆ. ವಂಶವೃಕ್ಷದಲ್ಲಿ ‘ಸು. 1855–57’ ಎಂದು ಬರೆದರೆ ಯಾರೂ ತಪ್ಪು ಹಿಡಿಯಲಾರರು.

ವಯಸ್ಸು 20, 25, 30, 40 ಎಂದು ದುಂಡಗೆ ಇದ್ದರೆ ಅದು ಅಂದಾಜು ಎಂದೇ ತಿಳಿಯಿರಿ. ಎರಡೂ ಬದಿಗೆ ಮೂರು-ನಾಲ್ಕು ವರ್ಷ ಬಿಟ್ಟು ಹುಡುಕಿ. 23, 27, 34 ಅಂತಹ ಸಂಖ್ಯೆಗೆ ಸ್ವಲ್ಪ ಹೆಚ್ಚು ತೂಕ ಕೊಡಬಹುದು.

ಮನೆಯಲ್ಲಿ ಹಿರಿಯರು ಇಸವಿ ಹೇಳುವುದಿಲ್ಲ. ‘ಬರದಾಗ ಹುಟ್ಟಿದಾಂವ’ ಅನ್ನುತ್ತಾರೆ. ಅದರಿಂದ ಪ್ರಯೋಜನ ಇದೆಯೇ?

ಬಹಳ ಇದೆ. ದೀಕ್ಷಾಸ್ನಾನ ತಡವಾದವರ ವಿಷಯದಲ್ಲಿ ಇದು ರಿಜಿಸ್ಟರಿನ ಅಂದಾಜು ವಯಸ್ಸಿಗಿಂತ ನಂಬಿಕೆಗೆ ಅರ್ಹ. ಯಾವ ಬರ, ಯಾವ ಬೇನೆ ಎಂದು ಕೇಳಿ ತಿಳಿದುಕೊಳ್ಳಿ. ‘ಪ್ಲೇಗ್ ಬಂದು ಊರ ಬಿಟ್ಟು ಹೊಲದಾಗ ಗುಡಿಸಲಾ ಹಾಕಿದ್ರು, ಆವಾಗ ಹುಟ್ಟಿದಾಂವ ನಿಮ್ಮಜ್ಜ’ ಎಂದರೆ ಅದರಲ್ಲಿ ವರ್ಷವೂ ಇದೆ, ದೀಕ್ಷಾಸ್ನಾನ ತಡವಾದ ಕಾರಣವೂ ಇದೆ. ಊರೇ ಖಾಲಿಯಾದಾಗ ಚರ್ಚಿಗೆ ಕೂಸು ತರುವವರಾರು?

ಈ ಭಾಗಕ್ಕೆ ಕೆಲಸಕ್ಕೆ ಬರುವ ಗುರುತುಗಳು ಇವು. 1876–78ರ ದೊಡ್ಡ ಬರಕ್ಕೆ ಸಂವತ್ಸರದ ಹೆಸರಿನಿಂದ ‘ಧಾತು-ಈಶ್ವರ ಬರ’ ಎನ್ನುತ್ತಾರೆ. ಧಾತು ಸಂವತ್ಸರ 1876ರ ಯುಗಾದಿಯಿಂದ, ಈಶ್ವರ 1877ರ ಯುಗಾದಿಯಿಂದ. ದುರ್ಮುಖಿ (1896–97) ಮತ್ತು ವಿಕಾರಿ (1899–1900) ಸಂವತ್ಸರಗಳಲ್ಲೂ ಬರ ಬಿತ್ತು. ಹುಬ್ಬಳ್ಳಿಯನ್ನು ಪ್ಲೇಗ್ ಕೆಟ್ಟದಾಗಿ ಕಾಡಿದ್ದು 1898ರಲ್ಲಿ, ವಿಳಂಬಿ ಸಂವತ್ಸರ. 1918ರ ಇನ್‌ಫ್ಲುಯೆಂಜಾ ಕಾಳಯುಕ್ತಿಯಲ್ಲಿ. ಶಕ ವರ್ಷ ಸಿಕ್ಕರೆ 78 ಕೂಡಿಸಿ. ಆ ದಿನ ಜನವರಿಯಿಂದ ಯುಗಾದಿಯೊಳಗೆ ಬಿದ್ದಿದ್ದರೆ 79. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಧಾತು ಎಂದರೆ 1816, 1876, 1936 ಮೂರೂ ಆಗಬಹುದು. ತಲೆಮಾರು ನೋಡಿ ಆರಿಸಿಕೊಳ್ಳಿ.

ಬರದ ಮೇಲಿನ ವರ್ಷಗಳಲ್ಲಿ ಮಿಷನ್‌ನವರು ಸಲಹಿದ ಅನಾಥ ಮಕ್ಕಳ ನಮೂದುಗಳೂ ಬರುತ್ತವೆ. ಅಲ್ಲಿ ತಂದೆ-ತಾಯಿಯ ಕಾಲಂ ಖಾಲಿ, ವಯಸ್ಸು ಅಂದಾಜು. ಇಂಥ ಮಗುವಿನ ಹಿಂದಿನ ಹೆಸರು ಬರೆದಿದ್ದರೆ ಅದೊಂದೇ ಎಳೆ. ಅದನ್ನು ಅಕ್ಷರ ಬಿಡದೆ ನಕಲು ಮಾಡಿಕೊಳ್ಳಿ.

ಶಾಲೆಯ ದಾಖಲೆ ಪ್ರಕಾರ ಅಜ್ಜ ಹುಟ್ಟಿದ್ದು 1-6-1921. ದೀಕ್ಷಾಸ್ನಾನ ಮಾತ್ರ 1919ರಲ್ಲೇ ಆಗಿದೆ! ಹುಟ್ಟುವ ಮೊದಲೇ?

ಜೂನ್ 1 ಕಂಡ ಕೂಡಲೇ ಎಚ್ಚರವಾಗಿ. ಶಾಲೆ ಶುರುವಾಗುವುದೇ ಆಗ. ಹುಟ್ಟಿದ ದಿನ ಹೇಳಲು ಬಾರದ ಮಕ್ಕಳಿಗೆಲ್ಲ ಮಾಸ್ತರರು ಆ ದಿನಕ್ಕೆ ಸೇರ್ಪಡೆಯ ವಯಸ್ಸು ಹೊಂದುವಂತೆ ಇಸವಿ ಹಾಕಿ ಬರೆದುಕೊಳ್ಳುತ್ತಿದ್ದರು. ಇಲ್ಲಿ ನಂಬಬೇಕಾದ್ದು ಚರ್ಚಿನ ರಿಜಿಸ್ಟರ್. ಇದೇ ಕಾರಣಕ್ಕೆ ಉಲ್ಟಾ ಆಗುವುದೂ ಉಂಟು: ಶಾಲೆಯಲ್ಲಿ ವಯಸ್ಸನ್ನು ಎರಡು ವರ್ಷ ಹೆಚ್ಚು ಬರೆಸಿದ್ದರೆ, ಸಕಾಲಕ್ಕೆ ಆದ ದೀಕ್ಷಾಸ್ನಾನವೂ ತಡವಾದಂತೆ ಕಾಣುತ್ತದೆ.

‘ಎರಡನೇ ಸಮುವೇಲ’ ಎಂದಿರಲ್ಲ, ಏನದು?

ಮೊದಲ ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು ಇಡುವುದು ನಮ್ಮಲ್ಲಿ ಸಾಮಾನ್ಯ. ಮನೆಯ ಬೈಬಲ್‌ನ ಖಾಲಿ ಹಾಳೆಯಲ್ಲಿ ‘ಸಮುವೇಲ ಹುಟ್ಟಿದ್ದು 1889’ ಎಂದಿರುತ್ತದೆ. ಚರ್ಚಿನಲ್ಲಿ ಸಮುವೇಲನ ದೀಕ್ಷಾಸ್ನಾನ 1893ರಲ್ಲಿ ಸಿಗುತ್ತದೆ. ನಾಲ್ಕು ವರ್ಷ ತಡ ಅಂದುಕೊಂಡು ಮುಂದೆ ಹೋದರೆ ಇಬ್ಬರು ಮಕ್ಕಳನ್ನು ಒಬ್ಬನನ್ನಾಗಿ ಮಾಡಿ, ತೀರಿಕೊಂಡ ಕೂಸನ್ನು ಅಳಿಸಿಹಾಕಿದಂತೆ. 1 ವರ್ಷಕ್ಕಿಂತ ಹೆಚ್ಚು ಅಂತರ ಕಂಡಾಗಲೆಲ್ಲ ಆ ನಡುವಿನ ವರ್ಷಗಳ ಸಮಾಧಿ ರಿಜಿಸ್ಟರ್ ತಪ್ಪದೆ ನೋಡಿ.

ಒಬ್ಬರದೇ ಎರಡು ದಿನಾಂಕ ಸಿಕ್ಕಿದೆ, ನಡುವೆ 20 ವರ್ಷ ಅಂತರ. ಯಾವುದು ಸರಿ?

ಎರಡೂ ಸರಿ ಇರಬಹುದು. ಮೂರು ಬಗೆ ಇವೆ.

ಮಗು ಸಾಯುವ ಸ್ಥಿತಿಯಲ್ಲಿದ್ದರೆ ಪಾದ್ರಿ ಬರುವವರೆಗೆ ಕಾಯುವಂತಿಲ್ಲ. ಮನೆಯಲ್ಲೇ ನೀರು ಹಾಕಿ ದೀಕ್ಷಾಸ್ನಾನ ಕೊಡಬಹುದು. ಮಗು ಬದುಕಿದರೆ ಆಮೇಲೆ ಚರ್ಚಿಗೆ ತಂದು ಉಳಿದ ವಿಧಿ ಮುಗಿಸುತ್ತಾರೆ. ಕೆಲವು ಕಡೆ ಈ ಎರಡನೇ ದಿನವನ್ನು ಮಾತ್ರ ಎದ್ದು ಕಾಣುವಂತೆ ಬರೆದು ಮೊದಲನೆಯದನ್ನು ಅಂಚಿನಲ್ಲಿ ಸಣ್ಣಗೆ ಹಾಕಿರುತ್ತಾರೆ. ಲ್ಯಾಟಿನ್‌ನಲ್ಲಿ ‘ಪ್ರಿವಾಟಿಮ್’ ಎಂದು ಕಂಡರೆ ಅದು ಇದೇ.

ಎರಡನೆಯದು ಷರತ್ತಿನ ದೀಕ್ಷಾಸ್ನಾನ. ಪ್ರಾಟೆಸ್ಟಂಟ್ ಸಭೆಯವರು ಮದುವೆಗಾಗಿಯೋ ಬೇರೆ ಕಾರಣಕ್ಕೋ ಕಥೋಲಿಕ ಚರ್ಚಿಗೆ ಸೇರುವಾಗ, ಮೊದಲಿನದು ಸರಿಯಾಗಿ ಆಗಿತ್ತೋ ಇಲ್ಲವೋ ಎಂಬ ಸಂಶಯವಿದ್ದರೆ ‘ನಿನಗೆ ದೀಕ್ಷಾಸ್ನಾನ ಆಗಿಲ್ಲದಿದ್ದರೆ’ ಎಂಬ ಮಾತು ಸೇರಿಸಿ ಕೊಡುತ್ತಿದ್ದರು. ರಿಜಿಸ್ಟರಿನಲ್ಲಿ ‘ಸುಬ್ ಕಂಡಿಟ್ಸಿಯೋನೆ’ ಅಥವಾ ಅದರ ಮೊಟಕು ರೂಪ ಇರುತ್ತದೆ. ಹುಬ್ಬಳ್ಳಿಯ ರೈಲ್ವೆ ಕುಟುಂಬಗಳಲ್ಲಿ ಈ ಸಾಧ್ಯತೆಯನ್ನು ಮರೆಯಬೇಡಿ. ಈ ಎರಡು ಪದ ಕಂಡರೆ ಇನ್ನೊಂದು ಸಭೆಯಲ್ಲಿ ಹಳೆಯ ನಮೂದು ಇರಬಹುದು. ಹುಡುಕಾಟ ಅಲ್ಲಿಂದ ಮತ್ತೆ ಶುರು ಮಾಡಿ.

ಮೂರನೆಯದು ಮುಳುಗು ದೀಕ್ಷಾಸ್ನಾನ. ಬ್ಯಾಪ್ಟಿಸ್ಟ್, ಬ್ರೆದರನ್, ಪೆಂತೆಕೊಸ್ತ್ ಸಭೆಗಳು ಶಿಶು ದೀಕ್ಷಾಸ್ನಾನವನ್ನು ಒಪ್ಪುವುದಿಲ್ಲ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಎಳೆಯದರಲ್ಲೇ ಆದವರು ಇಲ್ಲಿಗೆ ಬಂದಾಗ ನಂಬಿಕೆ ಹೇಳಿಕೊಂಡು ಮತ್ತೊಮ್ಮೆ ಪಡೆಯುತ್ತಾರೆ. ಇನ್ನು ಸಾಲ್ವೇಷನ್ ಆರ್ಮಿಯಲ್ಲಿ ದೀಕ್ಷಾಸ್ನಾನದ ವಿಧಿಯೇ ಇಲ್ಲ, ಮಗುವಿನ ಸಮರ್ಪಣೆ ಮಾತ್ರ. ಅಲ್ಲಿ ಬೆಳೆದವರು ಬೇರೆ ಸಭೆ ಸೇರಿದಾಗ ಮೊದಲ ದೀಕ್ಷಾಸ್ನಾನವೇ ದೊಡ್ಡ ವಯಸ್ಸಿಗೆ ಆಗುತ್ತದೆ.

ರೈಲ್ವೆ ಕುಟುಂಬದ ನಾಲ್ಕು ಮಕ್ಕಳಿಗೆ ಒಂದೇ ದಿನ ಆಗಿದೆ. ಇದೂ ಮತಾಂತರವೇ?

ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಈ ಭಾಗಕ್ಕೆ ಬಂತು. ಹುಬ್ಬಳ್ಳಿ ವರ್ಕ್‌ಶಾಪ್ 1885ರದು. ಡ್ರೈವರ್, ಗಾರ್ಡ್, ಸ್ಟೇಷನ್ ಮಾಸ್ತರರಾಗಿದ್ದ ಆಂಗ್ಲೋ ಇಂಡಿಯನ್, ಗೋವಾ, ತಮಿಳು ಕ್ರೈಸ್ತ ಕುಟುಂಬಗಳು ಎಲ್ಲಿ ಹಾಕಿದರೆ ಅಲ್ಲಿಗೆ ಹೋಗಬೇಕು. ಸಣ್ಣ ಸ್ಟೇಷನ್‌ನಲ್ಲಿ ಚರ್ಚಿಲ್ಲ. ಚಾಪ್ಲೇನ್ (ಸರ್ಕಾರ ನೇಮಿಸಿದ ಪಾದ್ರಿ) ಅಥವಾ ಬೇರೆ ಪಾದ್ರಿ ಸುತ್ತು ಬಂದ ದಿನ, ಇಲ್ಲವೇ ಕುಟುಂಬಕ್ಕೆ ಹುಬ್ಬಳ್ಳಿಗೆ ವರ್ಗವಾದಾಗ, ಎಲ್ಲ ಮಕ್ಕಳಿಗೂ ಒಟ್ಟಿಗೆ ಆಗಿಬಿಡುತ್ತದೆ. ಸಾಬೀತು ಹೇಗೆಂದರೆ, ಪ್ರತಿ ಮಗುವಿನ ಹುಟ್ಟಿದ ದಿನ ಸ್ಪಷ್ಟವಾಗಿ ಬರೆದಿರುತ್ತದೆ, ‘ಹಿಂದಿನ ಹೆಸರು’ ಇರುವುದಿಲ್ಲ, ತಂದೆಯ ಹುದ್ದೆ ಮತ್ತು ಸ್ಟೇಷನ್ ಹೆಸರು ಇರುತ್ತದೆ. ಪುಟದ ಆಚೀಚೆ ಬೇರೆ ರೈಲ್ವೆ ಕುಟುಂಬಗಳ ಮಕ್ಕಳೂ ಅದೇ ದಿನ ಕಂಡರೆ ಸಂಶಯವೇ ಬೇಡ.

ಧಾರವಾಡ ಜಿಲ್ಲೆ ಆಗ ಮುಂಬೈ ಪ್ರೆಸಿಡೆನ್ಸಿಯಲ್ಲಿ (ಬ್ರಿಟಿಷರ ಕಾಲದ ಪ್ರಾಂತ) ಇತ್ತು. ಚಾಪ್ಲೇನ್‌ಗಳು ತಮ್ಮ ರಿಜಿಸ್ಟರಿನ ಪ್ರತಿಗಳನ್ನು ಮುಂಬೈಗೆ ಕಳಿಸುತ್ತಿದ್ದರು. ಅವು ಲಂಡನ್‌ಗೆ ಹೋಗಿ ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಎನ್/3’ ಎಂಬ ಸರಣಿಯಲ್ಲಿವೆ. ‘ಎನ್/1’ ಬಂಗಾಳ, ‘ಎನ್/2’ ಮದ್ರಾಸ್. ವಂಶಾವಳಿ ಹುಡುಕುವ ಜಾಲತಾಣ ಫೈಂಡ್‌ಮೈಪಾಸ್ಟ್‌ನಲ್ಲಿ ಹಣ ಕೊಟ್ಟು ಇವುಗಳ ಚಿತ್ರ ನೋಡಬಹುದು. ಅಂಥದ್ದೇ ಇನ್ನೊಂದು ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಒಂದಷ್ಟು ಸೂಚಿ ಉಚಿತ. ರೈಲ್ವೆಯವರ ಮಕ್ಕಳಲ್ಲಿ ಕೆಲವರ ನಮೂದು ಮದ್ರಾಸ್ ಸರಣಿಯಲ್ಲಿ ಸಿಗುತ್ತದೆ. ಗುಂತಕಲ್, ಬಳ್ಳಾರಿ ಕಡೆ ವರ್ಗವಾದರೆ ಪ್ರೆಸಿಡೆನ್ಸಿಯೇ ಬದಲಾಯಿತಲ್ಲ.

ಯಾವ ಊರಿನ ಪುಸ್ತಕದಲ್ಲಿ ಹುಡುಕಬೇಕೆಂದೇ ತಿಳಿಯುತ್ತಿಲ್ಲ.

ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಅದಕ್ಕೂ ಹಿಂದಿನ ದೀಕ್ಷಾಸ್ನಾನದ ಮಾತು ಮನೆಯಲ್ಲಿದ್ದರೆ ಬಳ್ಳಾರಿ (1810ರಿಂದ) ಮತ್ತು ಬೆಳಗಾವಿಯ (1820ರಿಂದ) ಲಂಡನ್ ಮಿಷನ್ ಕಡೆ ತಿರುಗಿ. ಬಾಸೆಲ್ ಸಭೆಗಳ ಇಂದಿನ ವಾರಸುದಾರ ಸಿ.ಎಸ್.ಐ. ಉತ್ತರ ಕರ್ನಾಟಕದ ಧರ್ಮಪ್ರಾಂತ್ಯ (ಬಿಷಪರ ಆಡಳಿತ ಪ್ರದೇಶ), ಕಚೇರಿ ಧಾರವಾಡದಲ್ಲಿ. ಕಥೋಲಿಕರಿಗೆ ಬೆಳಗಾವಿ ಧರ್ಮಪ್ರಾಂತ್ಯ ಆದದ್ದು 1953ರಲ್ಲಿ. ಮೂಲ ರಿಜಿಸ್ಟರ್ ಸಾಮಾನ್ಯವಾಗಿ ಆಯಾ ಚರ್ಚಿನಲ್ಲೇ ಇರುತ್ತದೆ, ಮೊದಲು ಅಲ್ಲೇ ಕೇಳಿ. ಮಿಷನ್‌ನ ಹಳೆಯ ಕಾಗದಪತ್ರಗಳಿಗೆ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ ಮತ್ತು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ಪತ್ರಾಗಾರ ಇವೆ.

ಹೆಸರುಗಳು ಬದಲಾಗಿವೆ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಹಳೆಯದೆಲ್ಲ ಧಾರವಾಡ ಜಿಲ್ಲೆಯ ಹೆಸರಿನಲ್ಲೇ ಇದೆ. ಹಾವೇರಿ ಸುತ್ತಿನದನ್ನು ಕರಜಗಿ ತಾಲೂಕು, ಹಿರೇಕೆರೂರು ಕಡೆಯದನ್ನು ಕೋಡ ತಾಲೂಕು, ಗದಗಿನದನ್ನು ಡಂಬಳ ತಾಲೂಕು ಎಂದು ಬರೆದಿರುವುದು ಉಂಟು. ಆಗ ಸವಣೂರು ನವಾಬರದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು, ಕುಂದಗೋಳ ಜಮಖಂಡಿಯದು. ಚರ್ಚಿನ ಪುಸ್ತಕಕ್ಕೆ ಇದರಿಂದ ಬಾಧಕವಿಲ್ಲ. ಆದರೆ ಊರಿನ ಜಮೀನು ಕಾಗದದೊಂದಿಗೆ ತಾಳೆ ನೋಡುವಾಗ ಯಾವ ಸರ್ಕಾರದ ದಫ್ತರ ಎಂದು ತಿಳಿದಿರಬೇಕು, ಮೋಡಿ ಲಿಪಿ (ಹಳೆಯ ಮರಾಠಿ ಕೈಬರಹ) ಓದುವವರೊಬ್ಬರು ಜೊತೆಗಿರಬೇಕು.

ಹಳೆಯ ಪುಟಗಳು ಜರ್ಮನ್ ಕೈಬರಹದಲ್ಲಿವೆ. ಭಾಷೆ ಬಾರದವರು ಓದಬಹುದೇ?

ಹತ್ತು-ಹನ್ನೆರಡು ಪದ ಗುರುತು ಹಿಡಿದರೆ ಸಾಕು. ‘ಗೆಬೋರೆನ್’ ಹುಟ್ಟಿದ್ದು, ‘ಗೆಟೌಫ್ಟ್’ ದೀಕ್ಷಾಸ್ನಾನ ಆದದ್ದು, ‘ಎಲ್ಟರ್ನ್’ ತಂದೆ-ತಾಯಿ, ‘ವೈಜೆ’ ಅನಾಥ ಮಗು, ‘ವಿಟ್ವೆ’ ವಿಧವೆ, ‘ಟೌಫ್‌ಟ್ಸೊಯ್ಗೆನ್’ ಸಾಕ್ಷಿಗಳು. ಮೊದಲೆರಡು ಪದ ಅದಲುಬದಲಾದರೆ ಇಡೀ ಲೆಕ್ಕ ತಲೆಕೆಳಗು, ಆದ್ದರಿಂದ ಕಾಲಂ ತಲೆಬರಹವನ್ನು ಎರಡು ಸಲ ನೋಡಿ.

ಆಗ ಬಳಸುತ್ತಿದ್ದ ಕುರೆಂಟ್ ಲಿಪಿಯಲ್ಲಿ ಸಣ್ಣ ‘e’ ಅಕ್ಷರ ನಮಗೆ ‘n’ನಂತೆ ಕಾಣುತ್ತದೆ; ‘u’ ತಲೆಯ ಮೇಲೆ ಒಂದು ಕೊಕ್ಕೆ ಇರುತ್ತದೆ. ಜರ್ಮನ್‌ನಲ್ಲಿ ‘ಜೆ’ ಅಕ್ಷರದ ಉಚ್ಚಾರ ‘ಯ’. ಯಾಕೋಬ, ಯೋಹಾನ, ಯೇಸುದಾಸ ಎಲ್ಲರೂ ‘ಜೆ’ ಕೆಳಗೆ ಸಿಗುತ್ತಾರೆ, ‘ವೈ’ ಕೆಳಗಲ್ಲ. ನಮ್ಮ ‘ವ’ಕ್ಕೆ ಅವರು ‘ಡಬ್ಲ್ಯೂ’ ಬರೆಯುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ತಿಂಗಳಿನಲ್ಲಿ. ‘7ಬರ್’ ಎಂದು ಬರೆದಿದ್ದರೆ ಜುಲೈ ಅಲ್ಲ, ಸೆಪ್ಟೆಂಬರ್. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ‘ಸೆಪ್ಟೆಮ್’ ಎಂದರೆ ಲ್ಯಾಟಿನ್‌ನಲ್ಲಿ ಏಳು. ಕಥೋಲಿಕ ಪುಸ್ತಕಗಳಲ್ಲೂ ಇದೇ ಕ್ರಮ ಕಾಣಸಿಗುತ್ತದೆ. ‘9ಬರ್’ನಲ್ಲಿ ಹುಟ್ಟಿ ಡಿಸೆಂಬರ್‌ನಲ್ಲಿ ದೀಕ್ಷಾಸ್ನಾನವಾದ ಕೂಸನ್ನು ಸೆಪ್ಟೆಂಬರಿನಲ್ಲಿ ಹುಟ್ಟಿದ್ದೆಂದು ಓದಿ ಮೂರು ತಿಂಗಳು ತಡ ಎನ್ನುವವರಿದ್ದಾರೆ.

1914ರ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಬಳಿಕ ದೇಶದಿಂದ ಕಳಿಸಲಾಯಿತು. ಆ ವರ್ಷಗಳ ಪುಟಗಳಲ್ಲಿ ಬರಹದ ಕೈ, ಭಾಷೆ ಎರಡೂ ಬದಲಾಗಿರುವುದನ್ನು ನಿರೀಕ್ಷಿಸಿ.

ನಂಬಿಕೆ ಇಟ್ಟು ಹತ್ತು ವರ್ಷವಾದರೂ ದೀಕ್ಷಾಸ್ನಾನ ಪಡೆಯಲಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ. ಯಾಕೆ ಕಾದಿರಬಹುದು?

ಕಾರಣ ಹಲವಿದ್ದವು, ಒಂದೂ ಸಣ್ಣದಲ್ಲ. ದೊಡ್ಡವರಿಗೆ ಕೇಳಿದ ಕೂಡಲೇ ಕೊಡುತ್ತಿರಲಿಲ್ಲ. ಉಪದೇಶಿಯ (ಸಭೆಯ ಬೋಧಕನ) ಬಳಿ ತಿಂಗಳುಗಟ್ಟಲೆ ಪಾಠ ಕಲಿತು, ಪ್ರಶ್ನೆಗೆ ಉತ್ತರ ಹೇಳಿ, ನಡತೆ ಸರಿ ಎಂದು ಸಭೆಗೆ ಅನ್ನಿಸಬೇಕು. ಹೆಂಡತಿ ಒಪ್ಪದೆ ಗಂಡ ಕಾದದ್ದು, ತಾಯಿ ಬದುಕಿರುವವರೆಗೆ ಮಗ ಕಾದದ್ದು ಇವೆ. ಹುಡುಗರ ವಿಷಯದಲ್ಲಿ ತಂದೆಯ ಅನುಮತಿಯಿಲ್ಲದೆ ಕೊಟ್ಟರೆ ಕೋರ್ಟಿನ ಭಯ. 1875ರ ಇಂಡಿಯನ್ ಮೆಜಾರಿಟಿ ಆಕ್ಟ್ ಪ್ರಾಪ್ತ ವಯಸ್ಸನ್ನು 18 ಎಂದಿತು. ಆ ಮೇಲಿನ ವರ್ಷಗಳಲ್ಲಿ 18 ತುಂಬಿದ ಹಿಂದೆಯೇ ಆದ ದೀಕ್ಷಾಸ್ನಾನ ಕಂಡರೆ ಇದನ್ನು ನೆನಪಿಡಿ.

ಆಸ್ತಿಯ ಅಂಜಿಕೆ ಬೇರೆ. ಮತ ಬಿಟ್ಟವನ ವಾರಸಾ ಹಕ್ಕು ಹೋಗುವುದಿಲ್ಲವೆಂದು 1850ರ ಕಾಯಿದೆ ಹೇಳಿತ್ತು. ಆದರೆ ಕಾಯಿದೆ ಹೇಳುವುದು ಒಂದು, ಒಂದೇ ಓಣಿಯಲ್ಲಿ ಬಾವಿ ಹಂಚಿಕೊಂಡು ಬದುಕುವುದು ಇನ್ನೊಂದು. ದೀಕ್ಷಾಸ್ನಾನದ ಹಿಂದುಮುಂದಿನ ವರ್ಷಗಳಲ್ಲಿ ಅಣ್ಣ-ತಮ್ಮಂದಿರ ನಡುವೆ ಹೊಲ ಹಿಸ್ಸೆಯಾಗಿದೆಯೇ ಎಂದು ನೋಡಿ. ಹಿಸ್ಸೆ ಮುಗಿದ ಸ್ವಲ್ಪ ದಿನಕ್ಕೇ ದೀಕ್ಷಾಸ್ನಾನ ಆಗಿದ್ದರೆ ಕಾದ ಕಾರಣ ಹೆಚ್ಚುಕಡಿಮೆ ಸಿಕ್ಕಂತೆ.

ಮದುವೆಗೆ ನಾಲ್ಕು ದಿನ ಮೊದಲು ದೀಕ್ಷಾಸ್ನಾನ ಆಗಿದೆ.

ಚರ್ಚಿನಲ್ಲಿ ಮದುವೆಯಾಗಲು ಆದದ್ದು. ಮದುವೆ ರಿಜಿಸ್ಟರ್ ತೆಗೆಸಿ: 1872ರ ಇಂಡಿಯನ್ ಕ್ರಿಶ್ಚಿಯನ್ ಮ್ಯಾರೇಜ್ ಆಕ್ಟ್ ಪ್ರಕಾರದ ನಮೂನೆಯಲ್ಲಿ ವಯಸ್ಸು, ಉದ್ಯೋಗ, ವಾಸದ ಊರು, ತಂದೆಯ ಹೆಸರು ಇರುತ್ತವೆ. ದೀಕ್ಷಾಸ್ನಾನದಲ್ಲಿ ಬಿಟ್ಟುಹೋದ ತಂದೆಯ ಹೆಸರು ಅಲ್ಲಿ ಸಿಗುವುದುಂಟು. ಕಥೋಲಿಕರದಾದರೆ 1908ರ ನಂತರ ಮದುವೆಯ ವಿವರವನ್ನು ದೀಕ್ಷಾಸ್ನಾನದ ನಮೂದಿನ ಅಂಚಿನಲ್ಲೇ ಬರೆಯುವ ನಿಯಮ ಬಂತು. ಒಂದೇ ಹೆಸರಿನ ಇಬ್ಬರಲ್ಲಿ ನಮ್ಮವರು ಯಾರು ಎನ್ನುವುದನ್ನು ಆ ಅಂಚಿನ ಟಿಪ್ಪಣಿ ತೀರ್ಮಾನಿಸುತ್ತದೆ.

ನಮ್ಮ ಪೂರ್ವಜರು ಇಂಗ್ಲೆಂಡಿನಿಂದ ಬಂದವರು. ಅಲ್ಲಿಯೇ ಅವರಿಗೆ ತಡವಾಗಿ ಆಗಿದೆ.

ಅಲ್ಲಿನ ಕಾರಣಗಳು ಬೇರೆ. 1783ರಿಂದ 1794ರವರೆಗೆ ರಿಜಿಸ್ಟರಿನ ಪ್ರತಿ ನಮೂದಿಗೆ 3 ಪೆನ್ಸ್ ತೆರಿಗೆ ಇತ್ತು, ಬಡವರಿಗೆ ವಿನಾಯಿತಿ. ತೆರಿಗೆ ಹೋಗಲಿ ಎಂದು ಕಾದವರಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ನೋಂದಣಿ 1837ರ ಜುಲೈ 1ರಂದು ಶುರುವಾಯಿತು. ಅದರ ಹಿಂದಿನ ವಾರಗಳಲ್ಲಿ ದೊಡ್ಡ ಮಕ್ಕಳನ್ನೂ ತಂದು ಗುಂಪುಗುಂಪಾಗಿ ದೀಕ್ಷಾಸ್ನಾನ ಮಾಡಿಸಿದರು. ಅಲ್ಲಿ 1813ರಿಂದ ಬಂದ ಅಚ್ಚಿನ ನಮೂನೆಯಲ್ಲಿ ಹುಟ್ಟಿದ ದಿನಕ್ಕೆ ಕಾಲಂ ಇಲ್ಲ. ಪಾದ್ರಿ ತಾನಾಗಿ ಅಂಚಿನಲ್ಲಿ ಬರೆದಿದ್ದರೆ ಅದು ನಿಮ್ಮ ಅದೃಷ್ಟ.

ಚರ್ಚ್ ಕಚೇರಿಗೆ ಹೇಗೆ ಕೇಳಬೇಕು?

ಭಾನುವಾರ ಆರಾಧನೆ ಮುಗಿದ ಗದ್ದಲದಲ್ಲಿ, ಕ್ರಿಸ್ಮಸ್ ಮತ್ತು ಈಸ್ಟರ್ ಹತ್ತಿರ ಹೋಗಬೇಡಿ. ಮೊದಲು ಒಂದು ಪತ್ರ ಕೊಡಿ, ಒಂದು ವಾರ ಬಿಟ್ಟು ಫೋನ್ ಮಾಡಿ, ಅವರು ಹೇಳಿದ ದಿನ ಹೋಗಿ. ಪತ್ರ ಒಂದೇ ಪುಟ ಇರಲಿ:

‘ಮಾನ್ಯ ಸಭಾಪಾಲಕರಿಗೆ ವಂದನೆಗಳು. ನಮ್ಮ ತಂದೆಯ ಅಜ್ಜನವರ ದೀಕ್ಷಾಸ್ನಾನದ ನಮೂದನ್ನು ಹುಡುಕುತ್ತಿದ್ದೇವೆ. ಹೆಸರು ಸಮುವೇಲ, ಹಿಂದಿನ ಹೆಸರು ಬಸಪ್ಪ ಇರಬಹುದು. ತಮ್ಮ ಸಭೆಯಲ್ಲಿ 1880ರಿಂದ 1895ರೊಳಗೆ ಆಗಿರಬೇಕು. ಆಗ ಅವರು ದೊಡ್ಡವರಾಗಿದ್ದ ಸಾಧ್ಯತೆ ಇದೆ. ಅವರ ಹೆಂಡತಿ ಮತ್ತು ಮಕ್ಕಳ ನಮೂದುಗಳೂ ಅದೇ ಪುಟದಲ್ಲಿ ಇರಬಹುದು. ತಾವು ಅನುಮತಿ ಕೊಟ್ಟರೆ ತಾವು ಹೇಳಿದ ದಿನ ಬಂದು ತಮ್ಮ ಎದುರಿಗೇ ನೋಡುತ್ತೇವೆ.’

‘ದೊಡ್ಡವರಾಗಿದ್ದ ಸಾಧ್ಯತೆ’ ಎಂಬ ಮಾತು ಬಿಡಬೇಡಿ. ಅದಿಲ್ಲದಿದ್ದರೆ ಹುಡುಕುವವರು ಹುಟ್ಟಿದ ವರ್ಷದ ಒಂದೆರಡು ಪುಟ ತಿರುವಿ ‘ಇಲ್ಲ’ ಎಂದುಬಿಡುತ್ತಾರೆ. ಕೆಲವು ಸಭೆಗಳಲ್ಲಿ ದೊಡ್ಡವರ ದೀಕ್ಷಾಸ್ನಾನಕ್ಕೆ ಪುಸ್ತಕವೇ ಬೇರೆ, ಅಥವಾ ಅದೇ ಪುಸ್ತಕದ ಹಿಂಬದಿಯಿಂದ ಬರೆದಿರುತ್ತಾರೆ. ಅದನ್ನೂ ಬಾಯಿಬಿಟ್ಟು ಕೇಳಿ.

ಪುಸ್ತಕ ಕೈಗೆ ಬಂದಾಗ ಪೆನ್ ದೂರವಿಡಿ, ಪೆನ್ಸಿಲ್ ಮಾತ್ರ. ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಬೇಡಿ. ಹರಿದಿದ್ದಕ್ಕೆ ಟೇಪ್ ಅಂಟಿಸಬೇಡಿ. ಕೆಲವೇ ವರ್ಷದಲ್ಲಿ ಅದರ ಗೋಂದು ಕಂದಾಗಿ ಅಕ್ಷರವನ್ನೇ ನುಂಗುತ್ತದೆ. ಫೋಟೋಕ್ಕೆ ಒಪ್ಪಿಗೆ ಸಿಕ್ಕರೆ ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕಿನಲ್ಲಿ ನಾಲ್ಕು ಚಿತ್ರ ತೆಗೆಯಿರಿ: ಪುಸ್ತಕದ ಹೊದಿಕೆ, ಕಾಲಂ ತಲೆಬರಹ ಕಾಣುವಂತೆ ಇಡೀ ಪುಟ, ನಿಮ್ಮ ಸಾಲು ಹತ್ತಿರದಿಂದ, ಅಂಚಿನ ಟಿಪ್ಪಣಿ. ಪುಟಸಂಖ್ಯೆ, ಕ್ರಮಸಂಖ್ಯೆ ಬರೆದುಕೊಳ್ಳಿ. ಪ್ರಮಾಣಪತ್ರವೊಂದನ್ನೇ ತಂದರೆ ಸಾಲದು. ಅದಕ್ಕೆ ಇಳಿಯುವುದು ಹೆಸರು ಮತ್ತು ದಿನಾಂಕ ಮಾತ್ರ, ‘ಹಿಂದಿನ ಹೆಸರು’ ಮತ್ತು ಅಂಚು ಪುಸ್ತಕದಲ್ಲೇ ಉಳಿದುಬಿಡುತ್ತವೆ.

ಪುಟದಲ್ಲಿ ಹಲವು ವರ್ಷದ ನಮೂದುಗಳು ಒಂದೇ ಕೈ, ಒಂದೇ ಶಾಯಿಯಲ್ಲಿದ್ದು ದಿನಾಂಕಗಳು ಹಿಂದುಮುಂದಾಗಿದ್ದರೆ ಅದು ಹಳೆಯ ಪುಸ್ತಕದಿಂದ ನಕಲು ಮಾಡಿದ್ದು. ನಕಲಿನಲ್ಲಿ 1 ಮತ್ತು 7, 3 ಮತ್ತು 8 ಸುಲಭವಾಗಿ ಅದಲುಬದಲಾಗುತ್ತವೆ. 1883 ಎಂಬುದು 1888 ಆದರೆ ಐದು ವರ್ಷದ ‘ತಡ’ ಅಲ್ಲೇ ಹುಟ್ಟುತ್ತದೆ. ಮೂಲ ಪುಸ್ತಕ ಇದೆಯೇ ಎಂದು ಕೇಳಿ.

ಈ ನಮೂದನ್ನು ಜನನ ಪ್ರಮಾಣಪತ್ರದ ಬದಲಿಗೆ ಕೊಡಬಹುದೇ?

ಅದು ದೀಕ್ಷಾಸ್ನಾನದ ದಾಖಲೆ, ಜನನದ್ದಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ 1 ವರ್ಷ ದಾಟಿದ ಜನನ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಅದನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಕೊಡುತ್ತಾರೆ. ಅಲ್ಲಿ ಚರ್ಚಿನ ಪ್ರಮಾಣಪತ್ರವನ್ನು ಪೂರಕ ಪುರಾವೆಯಾಗಿ ಇಡಬಹುದು. ಹುಟ್ಟಿದ ಕೆಲವೇ ವಾರದಲ್ಲಿ ಆದದ್ದಕ್ಕೆ ಇರುವ ಬೆಲೆ 20ನೇ ವಯಸ್ಸಿನಲ್ಲಿ ಆದದ್ದಕ್ಕೆ ಇರುವುದಿಲ್ಲ, ಏಕೆಂದರೆ ಹುಟ್ಟಿದ ದಿನವನ್ನು ಅಲ್ಲಿ ಬಾಯಿಮಾತಿನ ಮೇಲೆ ಬರೆದದ್ದು.

ವಂಶವೃಕ್ಷದಲ್ಲಿ ಇದನ್ನೆಲ್ಲ ಹೇಗೆ ಬರೆಯಬೇಕು?

ದೀಕ್ಷಾಸ್ನಾನದ ದಿನವನ್ನು ಹುಟ್ಟಿದ ದಿನದ ಜಾಗದಲ್ಲಿ ಯಾವತ್ತೂ ಬರೆಯಬೇಡಿ. ‘ಜನನ ಸು. 1855–57 (ದೀಕ್ಷಾಸ್ನಾನದ ವಯಸ್ಸಿನಿಂದ); ದೀಕ್ಷಾಸ್ನಾನ 28-3-1880, ವಯಸ್ಸು 24 ಎಂದಿದೆ; ಪುಟ, ಕ್ರಮಸಂಖ್ಯೆ’ ಹೀಗಿರಲಿ. ಕಾರಣ ಗೊತ್ತಾಗಿದ್ದರೆ ಒಂದು ಸಾಲು, ಊಹೆಯಾಗಿದ್ದರೆ ‘ಊಹೆ’ ಎಂದೇ ಬರೆಯಿರಿ. ತಂದೆಯ ಹೆಸರು ಬಿಟ್ಟುಹೋಗಿದ್ದರೆ ಮದುವೆಗೆ ಮೊದಲು ಹುಟ್ಟಿದ ಮಗು ಎಂದು ತೀರ್ಮಾನಿಸಬೇಡಿ. ದೊಡ್ಡವರ ದೀಕ್ಷಾಸ್ನಾನದಲ್ಲಿ ಆ ಕಾಲಂ ತುಂಬದೆ ಬಿಟ್ಟಿರುವುದು ಬಹಳ.

ಹಳೆಯ ಪುಟಗಳಲ್ಲಿ ಹಿಂದಿನ ಜಾತಿ ಬರೆದಿರುತ್ತದೆ. ಅದು ನಿಮ್ಮ ಮನೆಯ ಕಾಗದದಲ್ಲಿ ಇರಲಿ. ಎಲ್ಲರಿಗೂ ಕಾಣುವ ವಂಶವೃಕ್ಷಕ್ಕೆ ಹಾಕುವ ಮೊದಲು ಆ ಕವಲಿನ ಅಣ್ಣ-ತಮ್ಮಂದಿರನ್ನೂ ಅಕ್ಕ-ತಂಗಿಯರನ್ನೂ ಕೇಳಿ. ಒಬ್ಬರು ಬೇಡವೆಂದರೂ ಹಾಕಬೇಡಿ. ಪಕ್ಕದ ಸಾಲಿನ ಬೇರೆ ಕುಟುಂಬದವರ ವಿವರ ಫೋಟೋದಲ್ಲಿ ಬಂದಿದ್ದರೆ ಅದನ್ನು ಮುಚ್ಚಿಯೇ ಹಂಚಿಕೊಳ್ಳಿ.